ಇಷ್ಟದ ಸಿನಿಮಾ ಮತ್ತೆ ನೋಡಿದಾಗ ಬೇರೆಯೇ ಆಗಿ ಕಂಡಿದೆಯಾ?

ಪಾಟಿಬಳಪ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಹದಿನಾಲ್ಕನೇ ವಯಸ್ಸಿನಲ್ಲಿ ಟಿವಿಯಲ್ಲಿ ‘ನಾಗರಹಾವು’ ನೋಡಿದ್ದೆ. ಪುಟ್ಟಣ್ಣ ಕಣಗಾಲ್ ಅವರ 1972ರ ಸಿನಿಮಾ. ಅವತ್ತಿನಿಂದ ಚಾಮಯ್ಯ ಮೇಷ್ಟ್ರು ಅಂದರೆ ನನಗೆ ದೇವರು. ಎಲ್ಲರಿಗೂ ಬೇಡವಾದ ಹುಡುಗನನ್ನು ಒಬ್ಬ ಮೇಷ್ಟ್ರು ಮಾತ್ರ ನಂಬುತ್ತಾರಲ್ಲ, ನನಗೆ ಅಷ್ಟು ಸಾಕಾಗಿತ್ತು. ನಾನು ಟೀಚರ್ ಆಗಿದ್ದಕ್ಕೆ ಅರ್ಧ ಕಾರಣ ಕೆ.ಎಸ್. ಅಶ್ವಥ್ ಅವರ ಆ ಮುಖ, ಆ ದನಿ.

ಈಗ ನನಗೆ 46. ಕಳೆದ ವಾರ ಮತ್ತೆ ನೋಡಿದೆ. ನೋಡುತ್ತಾ ನೋಡುತ್ತಾ ಸಿಟ್ಟು ಬಂತು. ಯಾರ ಮೇಲೆ ಗೊತ್ತಾ? ಮೇಷ್ಟ್ರ ಮೇಲೆ. ಅವರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳ ಬದುಕು ಏನಾಯಿತು ಅಂತ ನೋಡಿದವರಿಗೆಲ್ಲ ಗೊತ್ತು. ಆಮೇಲೆ ಅವನು ಪ್ರೀತಿಸುವ ಮಾರ್ಗರೆಟ್ ವಿಷಯಕ್ಕೂ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಹುಡುಗ ತಮ್ಮ ಮೇಲಿಟ್ಟ ಪ್ರೀತಿಯನ್ನೇ ಹಗ್ಗ ಮಾಡಿ ಅವನನ್ನು ಕಟ್ಟಿಹಾಕಿದ ಹಾಗೆ ಕಂಡಿತು. ಕೊನೆಗೆ ಬೆಟ್ಟದ ಮೇಲೆ ನಡೆಯುವುದನ್ನು ನೋಡಿ ಅಳು ಬರಲಿಲ್ಲ. ‘ಇದು ಬೇಕಿತ್ತಾ ಮೇಷ್ಟ್ರೇ’ ಅಂತ ಬಾಯಿಬಿಟ್ಟು ಕೇಳಿಬಿಟ್ಟೆ.

ಸಿನಿಮಾದಲ್ಲಿ ಒಂದು ಫ್ರೇಮ್ ಕೂಡ ಬದಲಾಗಿಲ್ಲ. ಹಾಗಾದರೆ ನನಗೆ ಏನಾಯಿತು? ನಿಮ್ಮ ಇಷ್ಟದ ಸಿನಿಮಾ, ಧಾರಾವಾಹಿ ಯಾವುದಾದರೂ ಹೀಗೆ ಬೇರೆಯಾಗಿ ಕಂಡಿದೆಯಾ? ಹೇಳಿ. ಸುಮ್ನೆ ಹೆಸರು ಬೇಡ, ಏನು ಬದಲಾಯಿತು ಅಂತ ಹೇಳಿ.

ಬೆಳ್ಳಿಪರದೆ:
ಮೇಡಂ, ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಚಾಮಯ್ಯ ಮೇಷ್ಟ್ರು ಅವರ ಕಾಲದ ಮನುಷ್ಯ. ಇವತ್ತಿನ ತಕ್ಕಡಿಯಲ್ಲಿ ಅವರನ್ನು ತೂಗುವುದು ನ್ಯಾಯವಲ್ಲ. ಹುಡುಗನಿಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಕೆಟ್ಟದ್ದಾಯಿತು, ಅದು ಬೇರೆ ಮಾತು.

ಈ ಸಿನಿಮಾ ನಾನು ಹತ್ತು ಸಲಕ್ಕಿಂತ ಜಾಸ್ತಿ ನೋಡಿದ್ದೇನೆ. 2018ರಲ್ಲಿ ಹೊಸ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗ ಥಿಯೇಟರಿಗೇ ಹೋಗಿ ನೋಡಿದೆ. ಕೊನೆಯಲ್ಲಿ ಪ್ರತಿ ಸಲವೂ ಅಳು ಬರುತ್ತದೆ. ಅದೂ ಮೇಷ್ಟ್ರಿಗಾಗಿಯೇ. ಸಾಕಿದ ಹುಡುಗನ ಕೈಯಲ್ಲೇ ಅವರಿಗೆ ಹಾಗಾಯಿತಲ್ಲ!

ನೂಲೇಣಿ:
ದಯವಿಟ್ಟು ಕೊನೆ ಹೇಳಬೇಡಿ, ನಾನಿನ್ನೂ ನೋಡಿಲ್ಲ.

ಬೆಳ್ಳಿಪರದೆ:
ಐವತ್ತು ವರ್ಷ ದಾಟಿದ ಸಿನಿಮಾ ಅಣ್ಣ. ಆದರೂ ಸರಿ, ಇನ್ನು ಮುಂದೆ ಎಚ್ಚರವಾಗಿ ಬರೆಯುತ್ತೇನೆ. ಇವತ್ತೇ ನೋಡಿ. ವಿಷ್ಣುವರ್ಧನ್ ನಾಯಕನಾದ ಮೊದಲ ಸಿನಿಮಾ, ಜಲೀಲನ ಪಾತ್ರದಲ್ಲಿ ಅಂಬರೀಶ್ ಅವರ ಮೊದಲ ಸಿನಿಮಾ. ಇಬ್ಬರನ್ನೂ ಒಟ್ಟಿಗೆ ಆ ವಯಸ್ಸಿನಲ್ಲಿ ನೋಡುವುದೇ ಒಂದು ಖುಷಿ.

ಇರುಳುಗೂಬೆ:
ಪಾಟಿಬಳಪ ಮೇಡಂ ಹೇಳಿದ್ದು ನನಗೆ ‘ಬ್ರೇಕಿಂಗ್ ಬ್ಯಾಡ್’ನಲ್ಲಿ ಆಯಿತು. ಅಮೆರಿಕದ ಧಾರಾವಾಹಿ, 62 ಕಂತು, 2008ರಿಂದ 2013ರವರೆಗೆ ಬಂತು. ಮೊದಲ ಸಲ ನೋಡುವಾಗ ನಾನಿನ್ನೂ ಮದುವೆಯಾಗಿರಲಿಲ್ಲ. ಮನೆಯವರಿಗೆ ತಿಳಿಯದಂತೆ ಮಾದಕವಸ್ತು ತಯಾರಿಸಲು ಇಳಿಯುವ ಮೇಷ್ಟ್ರು ವಾಲ್ಟರ್ ವೈಟ್ ಏನು ಮಾಡಿದರೂ ಅವನ ಕಡೆಗೇ ನಿಂತಿದ್ದೆ. ಅವನ ಹೆಂಡತಿ ಸ್ಕೈಲರ್ ಬಂದರೆ ಸಾಕು, ಮೈ ಉರಿಯುತ್ತಿತ್ತು. ‘ಇವಳೊಬ್ಬಳು ಅಡ್ಡ’ ಅನ್ನುತ್ತಿದ್ದೆ.

ಎರಡನೇ ಸಲ ನೋಡಿದ್ದು ಹೆಂಡತಿಯ ಜೊತೆ, ಮಗಳಿಗೆ ಆರು ತಿಂಗಳಾಗಿದ್ದಾಗ. ಎರಡನೇ ಸೀಸನ್ ಮುಗಿಯುವ ಹೊತ್ತಿಗೆ ನಾಚಿಕೆಯಾಗಿತ್ತು. ಆ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳುತ್ತಿದ್ದವಳು ಸ್ಕೈಲರ್. ಎಲ್ಲಿಗೆ ಹೋಗಿದ್ದೆ, ದುಡ್ಡು ಎಲ್ಲಿಂದ ಬಂತು, ಮಕ್ಕಳ ಗತಿಯೇನು? ಇಷ್ಟೇ ಅವಳು ಕೇಳಿದ್ದು. ನಾನು ಅವಳನ್ನು ದ್ವೇಷಿಸಿದ್ದೆ. ಯಾಕೆಂದರೆ ಕಥೆಯನ್ನು ವಾಲ್ಟರ್ ಕುಳಿತ ಜಾಗದಿಂದ ನೋಡುತ್ತಿದ್ದೆ. ಕುಟುಂಬಕ್ಕಾಗಿ ಕುಟುಂಬಕ್ಕಾಗಿ ಅನ್ನುತ್ತಿದ್ದವನು ಕಡೇ ಕಂತಿನಲ್ಲಿ ‘ನನಗೋಸ್ಕರ ಮಾಡಿದೆ’ ಅಂತ ಅವಳೆದುರೇ ಒಪ್ಪಿಕೊಳ್ಳುತ್ತಾನೆ. ಮೊದಲ ಸಲ ಆ ಮಾತು ನನ್ನ ಕಿವಿಗೇ ಬಿದ್ದಿರಲಿಲ್ಲ ಅನ್ನಿಸುತ್ತದೆ.

ಗಿರಗಟ್ಟಲೆ:
ಇರುಳುಗೂಬೆ ಅಣ್ಣ, ನೀವೊಬ್ಬರೇ ಅಲ್ಲ. ಆ ಪಾತ್ರ ಮಾಡಿದ ಆನಾ ಗನ್ ಅವರಿಗೆ ಎಷ್ಟು ದ್ವೇಷ ಬಂತೆಂದರೆ, 2013ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಅದರ ಬಗ್ಗೆಯೇ ಒಂದು ಲೇಖನ ಬರೆದರು. ಪಾತ್ರದ ಮೇಲಿನ ಸಿಟ್ಟನ್ನು ನಟಿಯ ಮೇಲೂ ತೀರಿಸಿಕೊಂಡಿದ್ದರು ಜನ. ಅದೇ ವರ್ಷ ಅದೇ ಪಾತ್ರಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು.

ಮೊದಲಸಾಲು:
ನಾನು ಬೇರೆ ಥರ. ಇಷ್ಟವಾದ ಸಿನಿಮಾವನ್ನು ಎರಡನೇ ಸಲ ನೋಡುವುದೇ ಇಲ್ಲ. ಒಳ್ಳೆಯ ನೆನಪನ್ನು ಯಾಕೆ ಕೆದಕಬೇಕು? ಮೇಡಂ ಮತ್ತೆ ನೋಡದೇ ಇದ್ದಿದ್ದರೆ ಅವರ ಚಾಮಯ್ಯ ಮೇಷ್ಟ್ರು ಅವರ ಹತ್ತಿರವೇ ಇರುತ್ತಿದ್ದರು. ಈಗ ಕಳೆದುಕೊಂಡರಲ್ಲ.

ತಂಗಾಳಿ:
ಮೊದಲಸಾಲು, ನೀವು ಹೇಳುವುದು ಅರ್ಥವಾಗುತ್ತದೆ. ಆದರೆ ನನ್ನ ಅನುಭವ ತದ್ವಿರುದ್ಧ. ಸ್ವಲ್ಪ ಉದ್ದ ಬರೆಯುತ್ತೇನೆ.

‘ಶರಪಂಜರ’ವನ್ನು ಮೊದಲು ನೋಡಿದಾಗ ನನಗೆ ಹತ್ತೋ ಹನ್ನೊಂದೋ ವರ್ಷ. ಕಲ್ಪನಾ ಅವರ ಕಾವೇರಿ ನನಗೆ ಬರೀ ಭಯ ಹುಟ್ಟಿಸಿದ್ದಳು. ಆ ನಗು, ಆ ಕಣ್ಣು ನೋಡಿ ರಾತ್ರಿ ಅಮ್ಮನ ಪಕ್ಕವೇ ಮಲಗಿದ್ದೆ. ಅಮ್ಮ ಸಿನಿಮಾ ನೋಡುವಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೆದರುವ ಸಿನಿಮಾಕ್ಕೆ ಅಮ್ಮ ಯಾಕೆ ಅಳುತ್ತಾರೆ ಅಂತ ತಿಳಿಯಲಿಲ್ಲ.

ಎರಡನೇ ಮಗು ಹುಟ್ಟಿದ ಮೇಲೆ ನನಗೂ ಆರೋಗ್ಯ ಕೆಟ್ಟಿತು. ಮನಸ್ಸಿನ ಆರೋಗ್ಯ. ನಿದ್ದೆ ಇಲ್ಲ, ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸುತ್ತಿರಲಿಲ್ಲ. ಎಂಟು ತಿಂಗಳು ಔಷಧಿ ತೆಗೆದುಕೊಂಡೆ, ಗುಣವಾಯಿತು. ಆದರೆ ಗುಣವಾದ ಮೇಲೆ ಬಂದ ದಿನಗಳು ಕಾಯಿಲೆಗಿಂತ ಕಷ್ಟ. ಸ್ವಲ್ಪ ಜೋರಾಗಿ ನಕ್ಕರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಿಟ್ಟು ಮಾಡಿಕೊಂಡರೆ ‘ಮಾತ್ರೆ ತಗೊಂಡ್ಯಾ’ ಅನ್ನುತ್ತಿದ್ದರು. ಸಿಟ್ಟು ಬರುವ ಹಕ್ಕೂ ನನಗೆ ಉಳಿದಿರಲಿಲ್ಲ.

ಆ ಹೊತ್ತಿನಲ್ಲಿ ‘ಶರಪಂಜರ’ ಮತ್ತೆ ನೋಡಿದೆ. ಆಗ ಗೊತ್ತಾಯಿತು. ಇದು ಹುಚ್ಚಿನ ಸಿನಿಮಾ ಅಲ್ಲ. ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ, ಆದರೆ ಅವಳು ವಾಸಿಯಾಗಿದ್ದಾಳೆ ಅಂತ ಯಾರೂ ನಂಬುವುದಿಲ್ಲ. ಅದೇ ಇಡೀ ಕಥೆ. ಗಂಡನೂ ಅವಳ ಕಡೆಗಿಲ್ಲ, ಅವನಿಗೆ ಆಗಲೇ ಬೇರೊಬ್ಬಳ ನಂಟು. ಚಿಕ್ಕವಳಾಗಿದ್ದಾಗ ಕಾವೇರಿಗೆ ಹೆದರಿದ್ದೆ, ಈ ಸಲ ಅವಳ ಸುತ್ತ ಇದ್ದವರಿಗೆ ಹೆದರಿದೆ. 1971ರಲ್ಲೇ, ತ್ರಿವೇಣಿ ಅವರ ಕಾದಂಬರಿ ಇಟ್ಟುಕೊಂಡು, ಪುಟ್ಟಣ್ಣ ಇದನ್ನು ತೆಗೆದಿದ್ದಾರೆ.

ಅಮ್ಮ ಯಾಕೆ ಅತ್ತಿದ್ದರು ಅಂತ ಕೇಳಬೇಕು ಅನ್ನಿಸಿತು. ಫೋನ್ ಮಾಡಿದೆ. ‘ನೀನು ಹುಟ್ಟಿದಾಗ ನನಗೂ ಹಾಗೇ ಆಗಿತ್ತು, ಆಗ ಅದಕ್ಕೆ ಹೆಸರಿರಲಿಲ್ಲ’ ಅಂದರು. ಮತ್ತೆ ನೋಡದೇ ಇದ್ದಿದ್ದರೆ ಈ ಮಾತು ನನಗೆ ಸಿಗುತ್ತಲೇ ಇರಲಿಲ್ಲ.

ನೂಲೇಣಿ:
ತಂಗಾಳಿ ಅಕ್ಕ, ಎರಡು ಸಲ ಓದಿದೆ. ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಮೊದಲಸಾಲು:
ತಂಗಾಳಿ ಅವರೇ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನನ್ನ ನಿಯಮ ನನಗಷ್ಟೇ ಇರಲಿ.

ಚೌಕಟ್ಟು:
ಎಲ್ಲರೂ ಪಾತ್ರದ ಬಗ್ಗೆ ಹೇಳುತ್ತಿದ್ದೀರಿ. ನಾನು ಕ್ಯಾಮೆರಾ ಕಡೆಯಿಂದ ಒಂದು ಹೇಳುತ್ತೇನೆ. ಸಿಡ್ನಿ ಲ್ಯೂಮೆಟ್ ಅವರ ‘12 ಆಂಗ್ರಿ ಮೆನ್’, 1957. ಒಂದು ಕೊಲೆ ಕೇಸು, ತೀರ್ಪು ಹೇಳಬೇಕಾದ ಹನ್ನೆರಡು ಜನ ಜ್ಯೂರಿ, ಹೆಚ್ಚುಕಮ್ಮಿ ಇಡೀ ಸಿನಿಮಾ ಒಂದೇ ಕೋಣೆಯೊಳಗೆ. ಮೊದಲ ಸಲ ನೋಡಿದಾಗ ಬರೀ ವಾದ ಕೇಳಿಸಿಕೊಂಡಿದ್ದೆ. ಕೊನೆಕೊನೆಗೆ ಉಸಿರು ಕಟ್ಟಿದ ಹಾಗಾಗಿತ್ತು, ಕಾರಣ ಗೊತ್ತಾಗಿರಲಿಲ್ಲ.

ಆಮೇಲೆ ಕ್ಯಾಮೆರಾ ಕೆಲಸ ಕಲಿತು ಮತ್ತೆ ನೋಡಿದಾಗ ಗುಟ್ಟು ತಿಳಿಯಿತು. ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ನಡುವೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಇನ್ನೂ ಕೆಳಗೆ ಹೋಗಿ ಮೇಲಿನ ಛಾವಣಿಯೂ ಕಾಣಿಸುತ್ತದೆ. ಜೊತೆಗೆ ಲೆನ್ಸ್ ಉದ್ದವಾಗುತ್ತಾ ಹೋಗುತ್ತದೆ, ಅಂದರೆ ದೂರದ್ದನ್ನು ಹತ್ತಿರ ಎಳೆದು ತೋರಿಸುವ ಲೆನ್ಸ್ ಬರುತ್ತದೆ. ಹಾಗಾಗಿ ಹಿಂದಿನ ಗೋಡೆ ಮುಖದ ಹತ್ತಿರ ಹತ್ತಿರ ಬಂದಂತೆ ಕಾಣುತ್ತದೆ. ಕೋಣೆ ಚಿಕ್ಕದಾಗುತ್ತಿದೆ ಅಂತ ನಮ್ಮ ಮೈಗೆ ಗೊತ್ತಾಗುತ್ತದೆ, ಬುದ್ಧಿಗೆ ಗೊತ್ತಾಗುವುದಿಲ್ಲ. ಇದು 1954ರಲ್ಲಿ ಟಿವಿ ನಾಟಕವಾಗಿ ಬಂದಿದ್ದ ಕಥೆ, ಬರೆದವರು ರೆಜಿನಾಲ್ಡ್ ರೋಸ್.

ಬೆಳ್ಳಿಪರದೆ:
ಚೌಕಟ್ಟು ಸರ್, ಅದರಲ್ಲಿ ಗೋಡೆಗಳನ್ನೇ ಒಳಗೆ ತಳ್ಳುತ್ತಾ ಬಂದರು ಅಂತ ಎಲ್ಲೋ ಕೇಳಿದ್ದೆನಲ್ಲ?

ಚೌಕಟ್ಟು:
ಇಲ್ಲ ಸರ್, ಗೋಡೆ ಹತ್ತಿರ ಬಂದಂತೆ ಕಾಣುವುದು ಲೆನ್ಸಿನ ಕೆಲಸ. ಲ್ಯೂಮೆಟ್ ಅವರೇ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ.

ಇರುಳುಗೂಬೆ:
ಆ ಸಿನಿಮಾದಲ್ಲಿ ನನಗೆ ಬದಲಾದವನು ಮೂರನೇ ನಂಬರಿನ ಜ್ಯೂರಿ, ಲೀ ಜೆ. ಕಾಬ್ ಮಾಡಿರುವ ಪಾತ್ರ. ಕೊನೆಯವರೆಗೂ ಹಟ ಹಿಡಿಯುವ ಕೆಟ್ಟವನು ಅಂದುಕೊಂಡಿದ್ದೆ. ಈಗ ನೋಡಿದರೆ ಮಗನ ಜೊತೆ ಮಾತು ಬಿಟ್ಟುಹೋದ ಅಪ್ಪ. ಮಗನ ಜೊತೆಗಿನ ಫೋಟೊ ಹರಿದು ಕುಸಿಯುವಾಗ ಎದೆ ಹಿಂಡಿತು. ಕಡೆಗೆ ಹೆನ್ರಿ ಫಾಂಡಾ ಅವನ ಕೋಟು ತಂದು ತೊಡಿಸುತ್ತಾನೆ. ಗೆದ್ದವನು ಸೋತವನಿಗೆ ಕೋಟು ಹಾಕುವುದು! ಒಂದು ಮಾತೂ ಇಲ್ಲ.

ಗಿರಗಟ್ಟಲೆ:
ನನಗೆ 19. ನಾನು ಮತ್ತೆ ನೋಡುವಷ್ಟು ವರ್ಷ ಇನ್ನೂ ಆಗಿಲ್ಲ. ಆದರೆ ಒಂದು ಪ್ರಶ್ನೆ. ಅಪ್ಪನಿಗೆ ತುಂಬಾ ಇಷ್ಟದ ಸಿನಿಮಾ ಅಂತ ‘ಬೆಳದಿಂಗಳ ಬಾಲೆ’ ನೋಡಿದೆ. ಸುನೀಲ್ ಕುಮಾರ್ ದೇಸಾಯಿ, 1995. ಅನಂತ್ ನಾಗ್ ಚೆಸ್ ಆಟಗಾರ, ಫೋನಿನಲ್ಲಿ ಒಂದು ಹೆಣ್ಣು ದನಿ, ಅವಳು ಕೊಡುವ ಸುಳಿವು ಹಿಡಿದು ಅವಳನ್ನು ಹುಡುಕಬೇಕು. ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ನನಗೆ ಮಾತ್ರ ‘ನಂಬರ್ ನೋಡಿದರೆ ಸಿಗುತ್ತಾಳಲ್ಲ’ ಅಂತಲೇ ಅನ್ನಿಸುತ್ತಿತ್ತು. ಈಗ ಇಂಥ ಕಥೆ ನಡೆಯುವುದಕ್ಕೇ ಸಾಧ್ಯವಿಲ್ಲ. ಹಾಗಾದರೆ ನಮ್ಮ ವಯಸ್ಸಿನವರಿಗೆ ಅದು ಯಾವತ್ತೂ ತಟ್ಟುವುದಿಲ್ಲವಾ?

ಕಡಲಹಕ್ಕಿ:
ತಟ್ಟುತ್ತದೆ ಮರಿ. ಅದು ನಂಬರ್ ಹುಡುಕುವ ಕಥೆ ಅಲ್ಲ. ನೋಡದೇ ಇರುವವರನ್ನು ಎಷ್ಟು ಪ್ರೀತಿಸಬಹುದು ಅನ್ನುವ ಕಥೆ. ನೀನೂ ಯಾರದೋ ಮೆಸೇಜಿಗೆ ರಾತ್ರಿಯೆಲ್ಲ ಕಾಯುವ ಕಾಲ ಬರುತ್ತದೆ, ಆಗ ಮತ್ತೆ ನೋಡು. ಇಲ್ಲಿ ಎಲ್ಲರೂ ಹೇಳುತ್ತಿರುವುದು ಅದನ್ನೇ ಅಲ್ವಾ?

ಗಿರಗಟ್ಟಲೆ:
ಸರಿ. ಆದರೆ ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡಿದೆ. ಅದಕ್ಕೇ ಇರಬಹುದು.

ಬೆಳ್ಳಿಪರದೆ:
ಅಯ್ಯೋ! ಹಾಗೆ ಯಾಕೆ ನೋಡುತ್ತೀಯಪ್ಪ? ಆ ಸಿನಿಮಾದ ಜೀವವೇ ಅವಳು ಫೋನ್ ಇಟ್ಟ ಮೇಲಿನ ಮೌನ. ಅದನ್ನು ಓಡಿಸಿದರೆ ಉಳಿಯುವುದು ಕಥೆಯ ಸಾರಾಂಶ ಮಾತ್ರ. ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ (1987) ನೋಡು. ಒಂದೇ ಒಂದು ಸಂಭಾಷಣೆ ಇಲ್ಲ. ಸ್ಪೀಡ್ ಜಾಸ್ತಿ ಮಾಡಿದರೆ ಅದರಲ್ಲಿ ಏನು ಉಳಿಯುತ್ತದೆ ಹೇಳು.

ಗಿರಗಟ್ಟಲೆ:
ಖಂಡಿತ ನೋಡುತ್ತೇನೆ ಸರ್, ಮಾಮೂಲಿ ಸ್ಪೀಡಿನಲ್ಲಿ. ಆದರೆ ಒಂದು ಹೇಳಲೇಬೇಕು. ಈಗ ಬರುವ ಎಷ್ಟೋ ಧಾರಾವಾಹಿಗಳಲ್ಲಿ ಒಬ್ಬರು ಬಾಗಿಲು ತೆಗೆದರೆ ಎಂಟು ಜನರ ಮುಖ ಮೂರು ಮೂರು ಸಲ ತೋರಿಸುತ್ತಾರೆ. ಅಲ್ಲಿಂದಲೇ ನಮಗೆ ಓಡಿಸುವ ಅಭ್ಯಾಸವಾಗಿದ್ದು.

ತಂಗಾಳಿ:
ಈ ಮಾತು ನಿಜ. ಎಲ್ಲ ಧಾರಾವಾಹಿಗಳೂ ಹಾಗಿರಲಿಲ್ಲ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬರುವಾಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗಿರೀಶ್ ಕಾಸರವಳ್ಳಿ ಅವರು ಭೈರಪ್ಪನವರ ‘ಗೃಹಭಂಗ’ವನ್ನು ಟಿವಿಗೆ ತಂದಾಗ ನಂಜಮ್ಮನಾಗಿ ಮಾಳವಿಕಾ ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು ಕಂತು ಮುಗಿದ ಮೇಲೆ ಮುಂದಿನದಕ್ಕೆ ಕಾಯಬೇಕಿತ್ತು. ಆ ಕಾಯುವ ದಿನಗಳಲ್ಲಿ ಪಾತ್ರಗಳು ನಮ್ಮ ಮನೆಯಲ್ಲೇ ಓಡಾಡುತ್ತಿದ್ದವು. ಈಗ ಒಂದೇ ರಾತ್ರಿ ಹತ್ತು ಕಂತು ನೋಡಿ ಮುಗಿಸುತ್ತೇವೆ. ಬೆಳಿಗ್ಗೆ ಹೆಸರೂ ನೆನಪಿರುವುದಿಲ್ಲ.

ಇರುಳುಗೂಬೆ:
ಇದನ್ನು ಒಪ್ಪುವುದಿಲ್ಲ ಅಕ್ಕ. ‘ದಿ ವೈರ್’ನ ಐದು ಸೀಸನ್, 60 ಕಂತು, ನಾನು ಎರಡೇ ವಾರದಲ್ಲಿ ಮುಗಿಸಿದೆ. ಒಂದು ಪಾತ್ರವನ್ನೂ ಮರೆತಿಲ್ಲ. ಅಷ್ಟೊಂದು ಜನ ಇರುವ ಕಥೆಯನ್ನು ವಾರಕ್ಕೊಂದು ಕಂತು ನೋಡಿದರೆ ನನಗಂತೂ ಯಾರು ಯಾರು ಅಂತಲೇ ತಿಳಿಯುತ್ತಿರಲಿಲ್ಲ. ಕಾದು ನೋಡಿದರೂ ಒಂದೇ ಸಲ ನೋಡಿದರೂ ಒಳ್ಳೆಯದು ಉಳಿಯುತ್ತದೆ.

ಚೌಕಟ್ಟು:
ಯಾವ ‘ದಿ ವೈರ್’ ನೋಡಿದಿರಿ? ಅದು ಮೊದಲು ಬಂದಿದ್ದು ಹಳೆಯ ಟಿವಿಯ 4:3 ಅಳತೆಯಲ್ಲಿ. 2014ರಲ್ಲಿ ಅಗಲ ಪರದೆಗೆ ಹೊಂದಿಸಿ ಹೊಸದಾಗಿ ತಂದರು. ಕೆಲವು ದೃಶ್ಯಗಳಿಗೆ ಅದು ಒಳ್ಳೆಯದಾಯಿತು, ಕೆಲವಕ್ಕೆ ಆಗಲಿಲ್ಲ ಅಂತ ಅದನ್ನು ಕಟ್ಟಿದ ಡೇವಿಡ್ ಸೈಮನ್ ಅವರೇ ಬರೆದಿದ್ದಾರೆ. ಸಿನಿಮಾ ಬದಲಾಗಿಲ್ಲ ಅಂತ ಮೇಡಂ ಶುರುವಿನಲ್ಲಿ ಹೇಳಿದರು. ಎಷ್ಟೋ ಸಲ ನಿಜವಾಗಿಯೂ ಬದಲಾಗಿರುತ್ತದೆ! ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪು ಬಿಳುಪು. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನನಗೆ ಕಪ್ಪು ಬಿಳುಪೇ ಬೇಕು. ಆ ನೆರಳು ಬೆಳಕನ್ನು ಲೆಕ್ಕ ಹಾಕಿ ಕೂರಿಸಿದ್ದು ಬಣ್ಣಕ್ಕಲ್ಲ.

ಬೆಳ್ಳಿಪರದೆ:
ಇಲ್ಲಿ ನಾನು ಜಗಳ ಆಡುತ್ತೇನೆ. ಬಣ್ಣದ ಪ್ರತಿ ಬಂದಿದ್ದಕ್ಕೇ ನನ್ನ ಮೊಮ್ಮಗಳು ಅದನ್ನು ನೋಡಿದಳು. ಕಪ್ಪು ಬಿಳುಪಾಗಿದ್ದರೆ ಕೂರುತ್ತಿರಲಿಲ್ಲ. ಎಲ್ಲ ಕೊಟ್ಟು ಬರಿಗೈಯಾದ ಮನುಷ್ಯನ ಮನೆಗೆ ಪಾರಿವಾಳ ಕೇಳಿಕೊಂಡು ಬರುತ್ತಾರಲ್ಲ, ಆಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ರಾಜ್‌ಕುಮಾರ್ ಮುಖ ಬಣ್ಣದಲ್ಲಿದ್ದರೇನು, ಇಲ್ಲದಿದ್ದರೇನು?

ಚೌಕಟ್ಟು:
ಸರ್, ಮೊಮ್ಮಗಳು ಕೈ ಹಿಡಿದುಕೊಂಡಳು ಅಂದಿರಲ್ಲ, ಅದರ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಆದರೂ ಹಳೆಯ ಪ್ರತಿಯನ್ನೂ ಚೆನ್ನಾಗಿ ಕಾಪಾಡಲಿ ಅನ್ನುವುದು ನನ್ನ ಆಸೆ. ಕಾಸರವಳ್ಳಿ ಅವರ ‘ಘಟಶ್ರಾದ್ಧ’ವನ್ನು (1977) ಹಾಗೆ ಕಪ್ಪು ಬಿಳುಪಿನಲ್ಲೇ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದು ಮಾದರಿ.

ಕಡಲಹಕ್ಕಿ:
ನನ್ನ ಸರದಿ. ‘ಟೋಕಿಯೊ ಸ್ಟೋರಿ’, ಯಸುಜಿರೊ ಒಜು, 1953. ಇಪ್ಪತ್ತೆರಡನೇ ವಯಸ್ಸಿನಲ್ಲಿ ನೋಡಿ ಅರ್ಧಕ್ಕೆ ನಿಲ್ಲಿಸಿದ್ದೆ. ಮುದುಕ ಮುದುಕಿ ಮಕ್ಕಳ ಮನೆಗೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ, ವಾಪಸ್ ಹೋಗುತ್ತಾರೆ. ಇದರಲ್ಲೇನಿದೆ ಅನ್ನಿಸಿತ್ತು. ಕ್ಯಾಮೆರಾ ನೆಲದ ಹತ್ತಿರ ಕೂತುಬಿಟ್ಟರೆ ಅಲ್ಲಾಡುವುದೇ ಇಲ್ಲ.

ನನ್ನ 41ನೇ ವಯಸ್ಸಿನಲ್ಲಿ ಅಮ್ಮ ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ ಮತ್ತೆ ನೋಡಿದೆ. ಅದರಲ್ಲಿ ಶಿಗೆ ಅಂತ ದೊಡ್ಡ ಮಗಳು ಬರುತ್ತಾಳೆ. ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ಸದಾ ಗಡಿಬಿಡಿ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಆಗದೆ ಬಿಸಿನೀರಿನ ಬುಗ್ಗೆ ಇರುವ ಊರಿಗೆ ಕಳಿಸಿಬಿಡುತ್ತಾಳೆ. ಅಮ್ಮ ಹೋದ ದಿನ ಅಳುತ್ತಾಳೆ. ಆ ಕಣ್ಣೀರು ಸುಳ್ಳಲ್ಲ. ಅಂತ್ಯಕ್ರಿಯೆ ಮುಗಿದು ಊಟಕ್ಕೆ ಕೂತಾಗ ಅಮ್ಮನ ಇಂಥಿಂಥ ಬಟ್ಟೆ ನನಗಿರಲಿ ಅನ್ನುತ್ತಾಳೆ.

ಇದನ್ನು ನೋಡುವವರೆಲ್ಲ ಸೊಸೆ ನೊರಿಕೊ ಥರ ಇರಬೇಕು ಅಂದುಕೊಳ್ಳುತ್ತಾರೆ. ನಾನು ಶಿಗೆ. ಅಮ್ಮ ನನ್ನ ಮನೆಗೆ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಲಿಲ್ಲ. ‘ಟಿವಿ ಹಾಕಿಕೊಡ್ತೀನಿ ನೋಡ್ತಿರಮ್ಮ’ ಅಂದೆ. ಒಜು ಶಿಗೆಯನ್ನು ಕೆಟ್ಟವಳು ಅಂತ ತೋರಿಸಿಲ್ಲ. ಕೆಲಸ ಇರುವ ಒಬ್ಬ ಮಗಳು, ಅಷ್ಟೇ. ಅದು ಇನ್ನೂ ಜಾಸ್ತಿ ಚುಚ್ಚಿತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮುದುಕ ಅಪ್ಪನ ಪಾತ್ರ ಮಾಡಿದ ಚಿಶು ರ್ಯು ಹುಟ್ಟಿದ್ದು 1904ರಲ್ಲಿ. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಮಗಳು ಶಿಗೆಯಾಗಿ ಮಾಡಿದ ಹರುಕೊ ಸುಗಿಮುರಾ ಅವರಿಗಿಂತ ಐದೇ ವರ್ಷ ಚಿಕ್ಕವರು. ಇದು ಗೊತ್ತಾದ ಮೇಲೂ ನಂಬುವುದಕ್ಕೆ ಆಗಲಿಲ್ಲ. ಆ ಬೆನ್ನು, ಆ ಕೂರುವ ರೀತಿ ಎಲ್ಲ ವಯಸ್ಸಾದವರದ್ದೇ.

ಮೊದಲಸಾಲು:
ಕಡಲಹಕ್ಕಿ, ನಿಮ್ಮನ್ನು ನೀವು ಅಷ್ಟು ಬೈದುಕೊಳ್ಳಬೇಡಿ. ಟಿವಿ ಹಾಕಿಕೊಟ್ಟಿದ್ದನ್ನೂ ಅಮ್ಮಂದಿರು ಪ್ರೀತಿ ಅಂತಲೇ ಲೆಕ್ಕ ಇಡುತ್ತಾರೆ. ನನ್ನಮ್ಮ ಹಾಗೇ ಇಟ್ಟಿದ್ದರು.

ನೂಲೇಣಿ:
‘ಪಥೇರ್ ಪಾಂಚಾಲಿ’ ಯಾರೂ ಹೇಳಲಿಲ್ಲ! ಅಪು, ದುರ್ಗಾ ರೈಲು ನೋಡಲು ಹುಲ್ಲಿನ ನಡುವೆ ಓಡುವುದು ನನಗೆ ಎಷ್ಟು ಸಲ ನೋಡಿದರೂ ಹಾಗೇ ಇದೆ. ಚಿಕ್ಕವನಾಗಿದ್ದಾಗ ರೈಲು ನೋಡುತ್ತಿದ್ದೆ, ಈಗ ಬಿಳಿ ಹೂವು ನೋಡುತ್ತೇನೆ, ಅಷ್ಟೇ ವ್ಯತ್ಯಾಸ. ಅದನ್ನು ಒಂದೇ ದಿನದಲ್ಲಿ ತೆಗೆದರಂತೆ.

ಚೌಕಟ್ಟು:
ಒಂದೇ ದಿನದಲ್ಲಿ ಅಲ್ಲ. 1952ರಲ್ಲಿ ಸತ್ಯಜಿತ್ ರಾಯ್ ಮೊದಲು ಶೂಟಿಂಗ್ ಶುರು ಮಾಡಿದ್ದೇ ಆ ಹೂವಿನ ಬಯಲಿನಲ್ಲಿ. ಒಂದು ವಾರ ಬಿಟ್ಟು ಮತ್ತೆ ಹೋದರೆ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು. ಮಿಕ್ಕಿದ್ದಕ್ಕೆ ಮುಂದಿನ ಹೂವಿನ ಕಾಲದವರೆಗೆ ಕಾಯಬೇಕಾಯಿತು. ದುಡ್ಡಿಲ್ಲದೆ ನಿಂತು ನಿಂತು ಸಿನಿಮಾ ಹೊರಬಂದಿದ್ದು 1955ರಲ್ಲಿ. ಅಷ್ಟರೊಳಗೆ ಮಕ್ಕಳು ದೊಡ್ಡವರಾಗಿಬಿಡಲಿಲ್ಲವಲ್ಲ ಅನ್ನುವುದೇ ದೊಡ್ಡ ಪುಣ್ಯ.

ನೂಲೇಣಿ:
ಅಬ್ಬಾ! ಇದು ಗೊತ್ತಿರಲಿಲ್ಲ. ಇವತ್ತೇ ಮತ್ತೆ ನೋಡಬೇಕು.

ಪಾಟಿಬಳಪ:
ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದೊಂದನ್ನೂ ಓದಿದೆ. ತಂಗಾಳಿ, ಕಡಲಹಕ್ಕಿ, ನೀವಿಬ್ಬರೂ ಇಷ್ಟು ಮನಸ್ಸು ಬಿಚ್ಚಿದ ಮೇಲೆ ನಾನು ಮುಚ್ಚಿಟ್ಟುಕೊಂಡರೆ ಸರಿಯಲ್ಲ.

ಬೆಳ್ಳಿಪರದೆ ಸರ್, ಇವತ್ತಿನ ತಕ್ಕಡಿಯಲ್ಲಿ ತೂಗಬೇಡಿ ಅಂದಿರಿ. ನಾನು ತೂಗಿದ್ದು ನನ್ನನ್ನು. ಎಂಟು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಯಾವ ಟೀಚರಿಗೂ ಆಗದವನು. ಚಿತ್ರ ಬರೆಯುವುದರಲ್ಲಿ ಮಾತ್ರ ಎತ್ತಿದ ಕೈ. ನನ್ನ ಮಾತೊಂದನ್ನು ಕೇಳುತ್ತಿದ್ದ. ಚಿತ್ರಕಲೆ ಓದುತ್ತೇನೆ ಅಂದ. ಅವನ ಅಪ್ಪ ನನ್ನ ಹತ್ತಿರ ಬಂದು, ‘ನೀವು ಹೇಳಿದರೆ ಕೇಳುತ್ತಾನೆ ಮೇಡಂ, ಕಾಮರ್ಸ್ ತಗೊಳ್ಳೋಕೆ ಹೇಳಿ’ ಅಂದರು. ನಾನು ಹೇಳಿದೆ. ಮನೆಯ ಕಷ್ಟ ನೋಡು, ಅಪ್ಪನ ಮುಖ ನೋಡು ಅಂದೆ. ಅವನು ಒಂದೇ ಒಂದು ಪ್ರಶ್ನೆ ಕೇಳಿದ. ‘ನೀವು ಹೇಳ್ತಿದ್ದೀರಾ ಮೇಡಂ, ಅಪ್ಪ ಹೇಳಿಸ್ತಿದ್ದಾರಾ?’ ನಾನೇ ಹೇಳುತ್ತಿದ್ದೇನೆ ಅಂದೆ. ಮರುಮಾತಾಡದೆ ಹೋದ.

ಹೋದ ತಿಂಗಳು ಸಿಕ್ಕಿದ್ದ. ಕೆಲಸ ಇದೆ, ಚೆನ್ನಾಗಿದ್ದಾನೆ. ಚಿತ್ರ ಬರೀತಿದ್ದೀಯಾ ಅಂತ ಕೇಳಿದೆ. ‘ಬಿಟ್ಟೆ ಮೇಡಂ, ನೀವೇ ಹೇಳಿದ್ರಲ್ಲ’ ಅಂದ. ಸಿಟ್ಟಿಲ್ಲದೆ ಹೇಳಿದ. ಅದಾದ ವಾರಕ್ಕೆ ಸರಿಯಾಗಿ ನಾನು ‘ನಾಗರಹಾವು’ ಹಾಕಿಕೊಂಡು ಕೂತೆ.

ಬೆಳ್ಳಿಪರದೆ:
ಮೇಡಂ, ಈಗ ಅರ್ಥವಾಯಿತು. ಮೊದಲ ಉತ್ತರದಲ್ಲಿ ಸ್ವಲ್ಪ ಗಡುಸಾಗಿ ಬರೆದುಬಿಟ್ಟೆ.

ಆದರೂ ಮೇಷ್ಟ್ರನ್ನು ನಾನು ಬಿಟ್ಟುಕೊಡುವುದಿಲ್ಲ. ಅವರು ಕೇಳಿದ್ದು ತಪ್ಪು, ಇರಬಹುದು. ಅದು ತಪ್ಪು ಅಂತ ಯಾರಾದರೂ ಅವರಿಗೆ ಹೇಳಿದ್ದರೆ ಒಪ್ಪಿಕೊಳ್ಳುವ ಮನಸ್ಸು ಅವರಿಗಿತ್ತು ಅಂತ ನನ್ನ ನಂಬಿಕೆ. ಹೇಳುವವರು ಇರಲಿಲ್ಲ. ನಿಮಗೆ ಆ ಹುಡುಗ ಇನ್ನೂ ಎದುರಿಗೆ ಸಿಗುತ್ತಾನೆ. ಮಾತಾಡಿ ಅವನ ಹತ್ತಿರ.

ತಂಗಾಳಿ:
ಹೇಳುವವರು ಇದ್ದರು ಸರ್. ತುಂಗಮ್ಮ ಇದ್ದರು, ಮೇಷ್ಟ್ರ ಹೆಂಡತಿ, ಲೀಲಾವತಿ ಅವರು ಮಾಡಿದ್ದು. ಮಕ್ಕಳಿಲ್ಲದ ಆ ಮನೆಯಲ್ಲಿ ರಾಮಾಚಾರಿಯನ್ನು ಮಗನ ಥರ ನೋಡಿಕೊಂಡವಳು. ಅವಳನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಗಿರಗಟ್ಟಲೆ:
ಇದು ಕಾದಂಬರಿಯಲ್ಲೂ ಹೀಗೇ ಇದೆಯಾ?

ಕಡಲಹಕ್ಕಿ:
ಕಾದಂಬರಿ ಒಂದಲ್ಲ, ಮೂರು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರನ್ನೂ ಸೇರಿಸಿ ಸಿನಿಮಾ ಮಾಡಿದ್ದು. ಪುಟ್ಟಣ್ಣ ಅವರೇ ಇದನ್ನು ಹಿಂದಿಯಲ್ಲಿ ರಿಷಿ ಕಪೂರ್ ಹಾಕಿಕೊಂಡು ಮತ್ತೆ ತೆಗೆದರು, 1974ರಲ್ಲಿ. ಮೂರೂ ಓದಿ ಬಾ, ಆಮೇಲೆ ಬೇರೆ ಚರ್ಚೆಯೇ ಶುರು ಮಾಡೋಣ.

ಬೆಳ್ಳಿಪರದೆ:
ತಂಗಾಳಿ, ನೀವು ಹೇಳಿದ್ದು ತಲೆಯಲ್ಲೇ ಕೂತಿತ್ತು. ನಿನ್ನೆ ರಾತ್ರಿ ಮತ್ತೆ ಹಾಕಿ ನೋಡಿದೆ. ಹತ್ತು ಸಲಕ್ಕಿಂತ ಜಾಸ್ತಿ ನೋಡಿದ್ದೇನೆ ಅಂತ ಬರೆದಿದ್ದೆನಲ್ಲ, ತುಂಗಮ್ಮನನ್ನು ನೋಡಿದ್ದು ಇದೇ ಮೊದಲು. ಗಂಡನೂ ಹೋದರು, ಮಗನಂತಿದ್ದ ಹುಡುಗನೂ ಹೋದ. ಆ ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ಸಿನಿಮಾ ಮುಗಿದ ಮೇಲೆ ನಮ್ಮಾಕೆಗೆ ಈ ಮಾತು ಹೇಳಿದೆ. ‘ನಾನು ಯಾವತ್ತೂ ಅತ್ತಿದ್ದು ಅವಳಿಗೇ’ ಅಂದಳು. ಮೂವತ್ತೆಂಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದೇವೆ, ನಾನು ಕೇಳಿರಲಿಲ್ಲ.

ನೂಲೇಣಿ:
ನಾನು ಕೇಳಿಕೊಂಡರೂ ಕೊನೆ ಹೇಳಿಯೇಬಿಟ್ಟಿರಿ. ಪರವಾಗಿಲ್ಲ ಸರ್, ಇವತ್ತು ರಾತ್ರಿ ನೋಡುತ್ತೇನೆ.

ಪಾಟಿಬಳಪ:
ಇವತ್ತು ಆ ಹುಡುಗನಿಗೆ ಫೋನ್ ಮಾಡಿದೆ. ಅವತ್ತು ಹೇಳಿಸಿದ್ದು ನಿಮ್ಮಪ್ಪ, ನಾನು ಸುಳ್ಳು ಹೇಳಿದ್ದೆ ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ‘ಗೊತ್ತಿತ್ತು ಮೇಡಂ’ ಅಂದ. ಭಾನುವಾರ ಮನೆಗೆ ಬರುತ್ತಾನೆ. ಹಳೆಯ ಡ್ರಾಯಿಂಗ್ ಪುಸ್ತಕ ಒಂದು ನನ್ನ ಹತ್ತಿರವೇ ಉಳಿದಿತ್ತು, ಹುಡುಕಿ ತೆಗೆದಿಟ್ಟಿದ್ದೇನೆ.